ಆರನೆಯ ಸ್ವಿಚ್ಚು

ಹ್ಯಾಲಕ್ಕಿನಲ್ಲಿ ಹಿಮ ಮೇಲಿನಿಂದ ಬೀಳುವುದಿಲ್ಲ,
ಅಡ್ಡಡ್ಡ ಬರುತ್ತದೆ ಕೆನಡಾದ ಕಡೆಯಿಂದ,
ದಾರಿ ಕೇಳದೆ, ಬಾಗಿಲು ತಟ್ಟದೆ.
ಬೆಳಗಿನ ಜಾವ ಮೂರಕ್ಕೆ ಎದ್ದು ಸಿಗ್ನೆ ಥೋರ್ಸ್‌ರುಡ್
ಆಸ್ಪತ್ರೆಯ ಅಂಗಳ ಗೋರುತ್ತಾಳೆ ಮೊದಲು,
ಆಮೇಲೆ ಶಾಲೆ, ಗೋಧಿಯ ಉಗ್ರಾಣ,
ಎಲ್ಲಕ್ಕಿಂತ ಕೊನೆಗೆ ಇಗರ್ಜಿ.
ದೇವರು ಕಾಯಬಲ್ಲ, ಹೆರಿಗೆ ಕಾಯುವುದಿಲ್ಲ ಅನ್ನುತ್ತಾಳೆ.

ಮೂವತ್ತೊಂದು ಚಳಿಗಾಲ
ರಬ್ಬರು ನೆಲದ, ರೆಕ್ಸಿನ್ ಸೀಟಿನ,
ಕೈಯಲ್ಲಿ ತಿರುವಿ ಗಾಜಿಳಿಸುವ
ಬಡ ಟ್ರಕ್ಕುಗಳನ್ನೇ ಓಡಿಸಿದವಳು.
ಮೊಣಕಾಲಿಗೆ ಲೋಹದ ಕೀಲು ಕೂರಿಸಿದ ವರ್ಷ
ನನಗೂ ಒಂದಿಷ್ಟು ಮೆತ್ತಗಿರಲಿ ಎಂದು
ಕಂಪನಿಯ ಪಟ್ಟಿಯಲ್ಲಿ ತುತ್ತತುದಿಯದನ್ನೇ ತಂದಳು.

ಏನುಂಟು ಏನಿಲ್ಲ!
ಬೆನ್ನು ನೀವುವ ಸೀಟು, ಬೆಚ್ಚಗಾಗುವ ಸ್ಟಿಯರಿಂಗು,
ಗೋಧಿ ಬಣ್ಣದ ನೂಲಿನಲ್ಲಿ ಹೊಲಿದ ಚರ್ಮ,
ವಾಲ್ನಟ್ ಮರದ ಪಟ್ಟಿ,
ನಕ್ಷತ್ರ ನೋಡಲು ಛಾವಣಿಯಲ್ಲೊಂದು ಗಾಜು
(ನವೆಂಬರಿನಿಂದ ಏಪ್ರಿಲಿನವರೆಗೆ ಅದರ ಮೇಲೆ ಒಂದಡಿ ಹಿಮ).

ಮೊದಲ ಹಿಮದ ರಾತ್ರಿ, ಆಸ್ಪತ್ರೆಯ ತಿರುವಿನಲ್ಲಿ
ಬಲಗೈ ತನ್ನಷ್ಟಕ್ಕೆ ತಾನೇ ನೆತ್ತಿಯ ಮೇಲಕ್ಕೆ ಹೋಯಿತು,
ಮೂಗು ತುರಿಸಲು ಹೋಗುವ ಹಾಗೆ, ಅವಳನ್ನು ಕೇಳದೆ.
ಒಂದು, ತಿರುಗುವ ಹಳದಿ ದೀಪ.
ಎರಡು, ನೇಗಿಲ ದೀಪ. ಮೂರು, ಉಪ್ಪು ಚೆಲ್ಲುವ ಯಂತ್ರ.
ನಾಲ್ಕು ಹಿಂದಿನ ಬೆಳಕು, ಐದು ಪಂಪು, ಆರು…
ಬೆರಳಿಗೆ ಸಿಕ್ಕಿದ್ದು ನುಣ್ಣನೆಯ ಬೋಳು.
ಒತ್ತಿದರೆ ಬಾಯ್ತೆರೆಯಿತು:
ತಂಪು ಕನ್ನಡಕ ಇಡುವ ಗೂಡು.

ಗ್ರ್ಯಾಂಡ್ ಫೋರ್ಕ್ಸಿನ ಶೋರೂಮಿನ ಹುಡುಗ ಕೋಲ್ಟನ್
ಪರದೆಯ ಮೇಲೆ ಮೂರು ಸಲ ಹುಡುಕಿದ.
ಅಗ್ಗದ ಮಾಡೆಲ್ಲಿಗೆ ಉಂಟು. ನಡುವಿನದಕ್ಕೂ ಉಂಟು.
ನಿಮ್ಮದಕ್ಕೆ...
ತಪ್ಪು ತನ್ನದೆಂಬಂತೆ ಕಿವಿ ಕೆಂಪಾಗಿ ಹೇಳಿದ:
'ಇದನ್ನು ಕೊಳ್ಳುವವರು ಸಾಮಾನ್ಯವಾಗಿ
ಕೆಲಸ ಮಾಡುವುದಿಲ್ಲ, ಮೇಡಂ.'

ಸಿಗ್ನೆ ರೇಗಲಿಲ್ಲ.
ಅವನು ಕೊಟ್ಟ ಕಾಫಿ ಮುಗಿಸಿದಳು,
ಕಾಗದದ ಲೋಟ ನಾಲ್ಕು ಮಡಿಕೆ ಮಾಡಿ ಬುಟ್ಟಿಗೆ ಹಾಕಿದಳು,
ಎಪ್ಪತ್ತು ಮೈಲಿ, ರೇಡಿಯೋ ಕೂಡ ಹಾಕದೆ,
ನೇರ ನನ್ನ ಗ್ಯಾರೇಜಿಗೆ ಬಂದಳು.

ಡ್ಯಾಶಿನ ಅಡಿ ಅಂಗಾತ ಬಿದ್ದು, ಟಾರ್ಚು ಕಚ್ಚಿಕೊಂಡು ನೋಡಿದೆ.
ಇದ್ದವು!
ಆರು ತಂತಿ, ಆರು ಬಣ್ಣ,
ಸುರುಳಿ ಸುತ್ತಿ, ತುದಿಗೆ ಟೇಪು ಬಿಗಿದು.
ಯಾವ ಕಾರ್ಖಾನೆಯ ಯಾರ ಕೈಯೋ,
ಎಲ್ಲ ಟ್ರಕ್ಕಿಗೂ ಒಂದೇ ಕಟ್ಟು ಕಟ್ಟುವ ಕೈ,
ಇದು ಉಳ್ಳವರದು, ಇದು ದುಡಿಯುವವರದು ಎಂದು
ವಿಂಗಡಿಸಲು ಮರೆತಿತ್ತು.
ಹಲ್ಲಿದ್ದವರಿಗೆ ಕಡಲೆಯಿಲ್ಲ ಅನ್ನುತ್ತಾರಲ್ಲ,
ಇಲ್ಲಿ ಹಲ್ಲೂ ಇತ್ತು, ಕಡಲೆಯೂ ಇತ್ತು,
ಬಾಯಿ ಹೊಲಿದು ಕಳಿಸಿದ್ದರು.

ಕೋಟಿನ ಜೇಬಿನಿಂದ ತೆಗೆದಳು
ಹಳೆಯ ಟ್ರಕ್ಕಿನ ನೆತ್ತಿಯಿಂದ ಬಿಚ್ಚಿದ ಪಟ್ಟಿ.
ಆರು ಸ್ವಿಚ್ಚು, ಅಡಿಯಲ್ಲಿ ಬಿಳಿ ಟೇಪು,
ಉಪ್ಪಿನ ಬೆರಳು ತಾಗಿ ತಾಗಿ ಅರ್ಧ ಅಳಿಸಿದ ಅಕ್ಷರ.
'ಇಲ್ಲಿ ಕೊರೆ' ಅಂದಳು,
ವಾಲ್ನಟ್ ಪಟ್ಟಿಯ ನಟ್ಟನಡುವೆ ಬೆರಳಿಟ್ಟು.

ಡ್ರಿಲ್ಲು ಹಿಡಿದ ನನ್ನ ಕೈ ತಡೆಯಿತು.
ಎಷ್ಟು ಅಂಗಳ ಗೋರಿದರೆ ಇಂಥದ್ದೊಂದು ಟ್ರಕ್ಕು!
ಅವಳ ಬೆರಳು ಅಲ್ಲೇ ಇತ್ತು.
ಕೊರೆದೆ. ಮರದ ಪುಡಿ ಉದುರಲಿಲ್ಲ,
ಕಪ್ಪು ಪ್ಲಾಸ್ಟಿಕ್ಕು ಸುರುಳಿ ಸುರುಳಿಯಾಗಿ ಎದ್ದು ಬಂತು.
ಅದು ಮರದ ಚಿತ್ರ.
ಆಗ ನಕ್ಕಳು ನೋಡಿ ಸಿಗ್ನೆ,
ಗ್ಯಾರೇಜಿನ ತಗಡು ನಡುಗುವಂತೆ.

ಐದನ್ನು ಜೋಡಿಸಿದೆ.
ಆರನೆಯದರ ಅಡಿ ಏನೂ ಬರೆದಿರಲಿಲ್ಲ.
ಇದು ಯಾವುದಕ್ಕೆ?
'ಅದಕ್ಕೆ ಯಾವತ್ತೂ ತಂತಿ ಇರಲಿಲ್ಲ, ಎಲ್ರಾಯ್.
ಗೋರಿ ಮುಗಿಸಿದ ಅಂಗಳವನ್ನೇ
ಗಾಳಿ ಮತ್ತೆ ತುಂಬಿತಲ್ಲ, ಆಗ ಒತ್ತುತ್ತೇನೆ.
ಟಕ್ ಅನ್ನಬೇಕು, ಅಷ್ಟೆ.'

ಈಗ ಮೂರೂಕಾಲು.
ಹಳದಿ ಬೆಳಕೊಂದು ನನ್ನ ಕೋಣೆಯ ಗೋಡೆ ಸುತ್ತಿ ಹೋಯಿತು.
ಹೊರಗೆ ಗಾಳಿ ಎದ್ದಿದೆ.
ಇಷ್ಟು ದೂರಕ್ಕೆ ಕೇಳಿಸದು, ಗೊತ್ತು.
ಆದರೂ ದಿಂಬಿನಿಂದ ಕಿವಿ ಎತ್ತಿ
ಹಾಗೇ ಹಿಡಿದಿದ್ದೇನೆ.