ಒಂದು ಕಡಿಮೆ ಇನ್ನೂರು

ವ್ಹಿಟ್ಬಿಯ ಮೆಟ್ಟಿಲು ನೂರಾ ತೊಂಬತ್ತೊಂಬತ್ತು
ಎಂದು ಪುಸ್ತಿಕೆ ಹೇಳುತ್ತದೆ.
ನಾವು ಒಂಬತ್ತು ಮಂದಿ ಹತ್ತಿ
ಒಂಬತ್ತು ಲೆಕ್ಕ ಕೊಟ್ಟೆವು.
ಬಸಲಿಂಗಪ್ಪ ಮಾಸ್ತರರದು ಇನ್ನೂರಾ ನಾಲ್ಕು;
ಗಣಿತ ಕಲಿಸಿದವರು, ಯಾರೂ ತಕರಾರು ತೆಗೆಯಲಿಲ್ಲ.
ಅಂಬಕ್ಕನದು ನೂರಾ ತೊಂಬತ್ತೆಂಟು.
"ಒಂದು ಎಲ್ಲಿ ನುಂಗಿದಿ?" ಎಂದರೆ
ಫಿಲೋಮಿನಾಳಿಂದ ಕಡ ತಂದ ಕೆಂಪು ಜಾಕೀಟಿನೊಳಗೆ
ಸೆರಗು ತುರುಕುತ್ತ ಅಂದಳು:
"ಅಲ್ಲೇ ಇರಬೇಕು ಬಿಡು. ಇಳಿಯೋ ಮುಂದ ಸಿಗತದ."

ಮೇಲೆ ಮಠ. ಮಾಡಿಲ್ಲ, ಬಾಗಿಲಿಲ್ಲ,
ಕಿಟಕಿಗಳ ಕಲ್ಲಿನ ಎಲುಬು ಮಾತ್ರ,
ಎಲುಬಿನ ನಡುವೆ ಸಮುದ್ರ.
"ಇಷ್ಟು ರೊಕ್ಕಾ ತಗೊಂಡು ಮಾಳಿಗಿ ಹಾಕಿಸಿಲ್ಲಲ್ಲ!"
ಮುಮ್ತಾಜಳ ದೂರು.
ಫೋಟೋಕ್ಕೆ ಸಾಲಾಗಿ ನಿಂತದ್ದೇ ತಡ
ಕಡಲಿನಿಂದ ಮಂಜು ಎದ್ದು ಬಂತು,
ಕರೆಯದ ಬೀಗರ ಹಾಗೆ, ನಡುವೆಯೇ ನಿಂತಿತು.
ಚಿತ್ರದಲ್ಲಿ ನಾವು ಆರೂವರೆ ಜನ.

ಹಸಿವು ಇಳಿಯುವಾಗ ಬಂತು.
ಬಂದರಿನ ಬೆಂಚಿನ ಮೇಲೆ ಕಾಗದದ ಡಬ್ಬಿಗಳು,
ಮೀನು ತಿನ್ನುವವರು ಆ ಕಡೆ, ತಿನ್ನದವರು ಈ ಕಡೆ,
ನಡುವೆ ಶೇಂಗಾ ಚಟ್ನಿಪುಡಿಯ ಡಬ್ಬಿ,
ಎರಡೂ ಕಡೆಗೆ ಕೈಗೆಟಕುವಂತೆ.
ಅಂಬಕ್ಕ ಹನ್ನೊಂದು ದಿನದಿಂದ
ಬ್ರೆಡ್ಡು, ಬಾಳೆಹಣ್ಣು, ಚೀಲದ ತಳದ ಅವಲಕ್ಕಿ.
"ಬಟಾಟಿ ಅಂದ್ರ ನನಗೂ ಕೊಡ್ರಿ" ಎಂದಳು.
ಕೊಟ್ಟೆವು.
ಒಂದನ್ನು ಎತ್ತಿ ಊದಿದಳು, ಇನ್ನೂ ಊದಿದಳು,
ಕಣ್ಣು ಮುಚ್ಚಿ ಬಾಯಿಗಿಟ್ಟಳು.
ಹನ್ನೊಂದು ದಿನದಲ್ಲಿ ಅವಳ ಮುಖ ಸಡಿಲಾದದ್ದನ್ನು
ಆಗಲೇ ನಾನು ನೋಡಿದ್ದು.

ನಿಸಾರ್ ಅಂಗಡಿಯ ಕಿಟಕಿಗೆ ಬಗ್ಗಿ ಏನೋ ಕೇಳಿದ,
ಬರೀ ಚಹಾ ಹಿಡಿದು ಬಂದ.
"ಎಣ್ಣಿ ಅಲ್ಲ" ಎಂದ ನನಗಷ್ಟೇ ಕೇಳುವ ಹಾಗೆ,
ಹುಬ್ಬಿನಿಂದ ಬೋರ್ಡು ತೋರಿಸಿದ.
ಬಂಗಾರದ ಅಕ್ಷರ, ಹೂಬಳ್ಳಿಯ ಅಂಚು:
ಅಜ್ಜನ ಕಾಲದಿಂದಲೂ
ದನದ ಕೊಬ್ಬಿನಲ್ಲೇ ಕರಿಯುತ್ತೇವೆಂಬ ಹೆಮ್ಮೆ.

ನನ್ನ ಬಾಯಲ್ಲಿ ಮಾತಿತ್ತು.
ಅದೇ ಬಾಯಲ್ಲಿ ಬಟಾಟೆಯೂ ಇತ್ತು.
ಎರಡನ್ನೂ ನುಂಗಿದೆ.

ಮಾಸ್ತರರು ವಿನೆಗರ್ ಸುರಿದುಕೊಳ್ಳುತ್ತಿದ್ದರು,
ಅಂಬಕ್ಕ ಚಟ್ನಿಪುಡಿಯಲ್ಲಿ ಅದ್ದುತ್ತಿದ್ದಳು,
ಎಂಟು, ಒಂಬತ್ತು, ಹತ್ತು.
ಮೆಟ್ಟಿಲು ತಪ್ಪಿದ ನಾನು ಇದನ್ನು ಮಾತ್ರ ತಪ್ಪದೆ ಎಣಿಸಿದೆ.
ಕಂಬದ ಮೇಲೊಂದು ಕಡಲ ಹಕ್ಕಿ, ಕೋಳಿಯಷ್ಟು ದಪ್ಪ,
ಹಳದಿ ಕೊಕ್ಕು, ಸಾಲ ವಸೂಲಿಗೆ ಬಂದವನ ನೋಟ.
ಈ ಕಡೆ ಬಾರೋ ಪುಣ್ಯಾತ್ಮ, ಆ ಡಬ್ಬಿ ಕಸಿದುಕೋ,
ನನ್ನನ್ನು ಪಾರು ಮಾಡು, ಎಂದು ಒಳಗೊಳಗೇ ಬೇಡಿದೆ.
ಅದು ಬಂತು.
ಫಿಲೋಮಿನಾಳ ಇಡೀ ಮೀನನ್ನು ಎತ್ತಿಕೊಂಡು ಹೋಯಿತು.

ನಾವು ನಕ್ಕ ನಗೆಗೆ ಸೇತುವೆಯ ಮೇಲಿನವರು ತಿರುಗಿ ನೋಡಿದರು.
ಫಿಲೋಮಿನಾ ಅತ್ತಳೋ ನಕ್ಕಳೋ.
ಅಂಬಕ್ಕ ತನ್ನ ಡಬ್ಬಿ ಅವಳ ಮಡಿಲಿಗಿಟ್ಟು
"ತಿನ್ನು ತಂಗಿ, ಇನ್ನೂ ಬೆಚ್ಚಗದ" ಎಂದಳು.

ರಾತ್ರಿ ಒಂದೇ ಕೋಣೆ, ಎರಡು ಕಿರು ಮಂಚ.
ಕಾಲು ತೊಳೆದಳು, ಕುಂಕುಮ ತೀಡಿದಳು,
ದಿನದ ಸ್ತೋತ್ರ ಹೇಳಿದಳು, ಒಂದು ಸಾಲೂ ಬಿಡದೆ.
ದೀಪ ಆರಿದ ಮೇಲೆ
ಕತ್ತಲಿನಿಂದ ಮಾತು ಬಂತು:
"ಆ ಬೋರ್ಡ್ ನಾನೂ ಓದೀನಿ."

ಗೋಡೆಯ ಬಿಸಿನೀರಿನ ಕೊಳವೆ ಟಕ್ಕೆಂದಿತು.
ಯಾವಾಗ ಎಂದು ಕೇಳಲು ನನಗೆ ಧೈರ್ಯವಾಗಲಿಲ್ಲ.
"ಅರ್ಧಾ ಮುಗದಿತ್ತು" ಎಂದಳು ತಾನಾಗಿಯೇ.
ಹೊದಿಕೆ ಸರಿದ ಸದ್ದು.
"ಭಾಳ ಬಿಸಿ ಇತ್ತು ನೋಡು."
ಬಹಳ ಹೊತ್ತಿನ ಮೇಲೆ, ನಿದ್ದೆಯೆಂದುಕೊಂಡಾಗ:
"ನಿಸಾರಗ ಏನೂ ಅನಬ್ಯಾಡ.
ಪಾಪ, ಬರೇ ಚಹಾದ ಮ್ಯಾಲ ಇದ್ದ."

ಇಳಿಯುವಾಗ ಎಣಿಸಿದೆಯಾ, ಸಿಕ್ಕಿತಾ ಆ ಒಂದು?
ಕೇಳಿದೆ. ಉತ್ತರಕ್ಕೆ ಸಣ್ಣ ಗೊರಕೆ.
ಮಾಡಿನ ಮೇಲೆ ಹಕ್ಕಿಯೊಂದು
ಚಪ್ಪಲಿ ಮೆಟ್ಟಿದವರ ಹಾಗೆ
ಆ ತುದಿಯಿಂದ ಈ ತುದಿಗೆ ನಡೆದಾಡುತ್ತಿತ್ತು,
ಬೆಳಗಿನ ತನಕ.