ಒಂಬತ್ತು ಹಲ್ಲಿನ ಬಾಯಿ

ಉಮದಿಯ ಹಾಲಿನ ಕೇಂದ್ರದಾಗ
ಬೆಳಗಿನ ಐದೂವರಿಗೆ ಷಟರ್ ಎತ್ತತೀನಿ.
ಮೊದಲ ಬೆಳಕು ಬೀಳೋದು ಕ್ಯಾನಿನ ಮ್ಯಾಲಲ್ಲ,
ಹಳೇ ಕಂಪ್ಯೂಟರಿನ ಬೆನ್ನಿನ ಮ್ಯಾಲ.
ಅಲ್ಲೊಂದು ಬಾಯಿ ಐತಿ, ಒಂಬತ್ತು ಹಲ್ಲು.
ಹಿಂದಕ ಎರಡು ಬಾಯಿ ಇದ್ದುವಂತ,
ಒಂದನ್ನ ಸಿಡಿಲು ತಿಂದು ಹೋತು.

ಆ ಒಂದು ಬಾಯಿಗೆ ನಾಲ್ಕು ಮಂದಿ ವಾರಸದಾರರು:
ಹಾಲು ತೂಗೋ ಕಾಟಾ, ಜಿಡ್ಡು ಅಳೆಯೋ ಡಬ್ಬಿ,
ಚೀಟಿ ಕಾರೋ ಪ್ರಿಂಟರು,
ಹೊರಗ ಕಟ್ಟಿ ಮ್ಯಾಲ ಕುಂತವರಿಗೆ
ಕೆಂಪಗ ಅಂಕಿ ತೋರಿಸೋ ಫಲಕ.

ಮೊದಲು ನಡುವ ಒಂದು ತಿರುಗುಗುಂಡಿ ಇತ್ತು.
ಕಟಕ್ ಅಂದರ ಕಾಟಾ, ಕಟಕ್ ಅಂದರ ಜಿಡ್ಡು.
ನೂರಾ ಇಪ್ಪತ್ತು ಕ್ಯಾನು, ಕ್ಯಾನಿಗೆ ನಾಲ್ಕು ತಿರುವು.
ಹೆಬ್ಬೆರಳಿಗೆ ಬೊಬ್ಬಿ ಎದ್ದು, ಗಂಡ ಕೇಳಿದ:
ಹಾಲಿನ ಕೆಲಸಕ್ಕ ಬೊಬ್ಬಿ ಯಾಕ?

ಒಂದಿನ ಗುಂಡಿ ಸವದು ನಟ್ಟನಡುವ ನಿಂತಿತು.
ಅತ್ತ ಕಾಟಾ ಮಾತಾಡ್ತು, ಇತ್ತ ಜಿಡ್ಡೂ ಮಾತಾಡ್ತು,
ಎರಡರ ಅಂಕಿ ಕಲಸಿ
ಲಗಮವ್ವನ ಎಮ್ಮಿಗೆ ನೂರಕ್ಕ ನಲವತ್ತಾರು ಜಿಡ್ಡು ಬಂತು.
"ಹಾಲಲ್ಲೋ, ಲಗಮವ್ವ ಬೆಣ್ಣೀನ ಹಿಂಡ್ಯಾಳ!"
ಸಾಲೆಲ್ಲಾ ನಗು. ಆಕಿ ನಗಲಿಲ್ಲ.
ಚೀಟಿ ಮಡಚಿ ಕುಪ್ಪಸದಾಗ ಇಟ್ಟುಕೊಂಡಳು:
ಯಂತ್ರ ಹೇಳೇತಿ, ರೊಕ್ಕ ಕೊಡು.

ಮಿರಜದಿಂದ ದಿಲಾವರ ಬಂದ,
ಹೆಗಲಿಗೆ ತಂತಿ ಸುರುಳಿ, ಬಾಯಾಗ ಅರ್ಧ ಮರಾಠಿ.
"ಗುಂಡಿ ಕಿತ್ತು ಒಗೀರಿ ಅಕ್ಕಾ.
ಎರಡೇ ಎಳಿ ತಂತಿ, ಎಲ್ಲಾರೂ ಅದಕ್ಕೇ ಜೋತು ಬೀಳಲಿ.
ಒಬ್ಬೊಬ್ಬರಿಗೆ ಒಂದು ನಂಬರ.
ನೀವು ಒಂದು ಅಂದರ ಒಂದೇ ಓ ಅನ್ನಬೇಕು,
ಉಳಿದವರು ಕೇಳಿಸಿಕೊಂಡು ಸುಮ್ಮನಿರಬೇಕು.
ಕರೀದ ಮಾತಾಡಿದರ ಮನಿ ಕೆಟ್ಟಂಗ."

ನಾ ನಕ್ಕೆ. ಅವಗ ತಿಳೀಲಿಲ್ಲ.
ಬಿಜ್ಜರಗಿಯಿಂದ ಈ ಮನಿಗೆ ಬಂದಾಗ
ನನಗೂ ನಂಬರ ಇತ್ತು, ನಾಲ್ಕನೇ ಸೊಸಿ.
ಪಡಸಾಲಿ ಮಾತೆಲ್ಲಾ ಅಡಗೀಮನಿಗೆ ಕೇಳತಿತ್ತು,
ಬಾವಿ ಹಿಸ್ಸೆ, ನನ್ನ ತವರಿನ ಸುದ್ದಿ.
ಕೇಳಿಸಿಕೋತ ರೊಟ್ಟಿ ಬಡೀತಿದ್ದೆ, ನಂಬರ ಬರೋತನಕ.
ಬಂದಾಗ ಕೇಳಿದ್ದು:
ಸಾರಿಗೆ ಉಪ್ಪು ಹಾಕೀಯೇನು?

ಈಗ ಕರಿಯೋಳು ನಾನು.
ಕರಿಯೋದೂ ಸಲೀಸಲ್ಲ, ಕರದು ಕಾಯಬೇಕು.
ಮೂರು ಸಲ ಸುಮ್ಮನಿದ್ದರ ಬಿಟ್ಟು ನಡೀರಿ ಅಂದಿದ್ದ ದಿಲಾವರ,
ಒಬ್ಬನ ಸಲುವಾಗಿ ಸಾಲು ನಿಲ್ಲಬಾರದು.
ಫಲಕದಾಗ ನೀರು ಹೊಕ್ಕ ದಿನ ಹಂಗ ಬಿಟ್ಟು ನಡದೆ.
ಸಾಲು ನಿಲ್ಲಲಿಲ್ಲ.
ಹೊಟ್ಟ್ಯಾಗ ಏನೋ ನಿಂತಿತು.

ಖಾತೆ ನಲವತ್ತೇಳು, ಬಾಳಾಬಾಯಿ ಸಾಳುಂಕೆ.
ಆಕಿ ಎಮ್ಮಿ ಬತ್ತಿ ಎರಡು ತಿಂಗಳಾತು.
ಆದರೂ ದಿನಾ ಬರತಾಳ,
ಬೆಳಗಿದ ಖಾಲಿ ತಂಬಿಗಿ, ತಲಿ ಮ್ಯಾಲ ನೆಟ್ಟಗ ಸೆರಗು,
ನಲವತ್ತಾರರ ಹಿಂದ, ನಲವತ್ತೆಂಟರ ಮುಂದ.
"ಯಾಕ ಬರತಿ ಆಯಿ?"
"ಜಾಗಾ ತಪ್ಪಬಾರದವ್ವಾ. ಎಮ್ಮಿ ಮತ್ತ ಈದೇ ಈಯತೈತಿ."
ಚೌಗುಲೆ ಸಾಹೇಬರ ಅಪ್ಪಣಿ ಆಗೇತಿ:
ಆ ನಂಬರ ಅಳಿಸು, ವ್ಯಾಳ್ಯಾ ಹಾಳು.

ಅಳಿಸೋ ಕೀಲಿ ನನ್ನ ಕಿರುಬೆರಳಿನ ಬಾಜೂಕ ಐತಿ.

ಸತ್ತೇಚಾಳೀಸ್! ಅಂತ ಕೂಗತೀನಿ.
ತಂಬಿಗಿ ಕಾಟಾದ ಮ್ಯಾಲ ಕುಂದರತೈತಿ.
ಒಂದು? ಓ, ಸೊನ್ನಿ.
ಎರಡು? ಓ, ಸೊನ್ನಿ.
ಪ್ರಿಂಟರು ಕಿರ್ರ್ ಅಂದು ದಿನಾಂಕ, ಹೆಸರು, ಎಲ್ಲಾ ಪೂರ್ತಿ ಬರೀತೈತಿ.
ಹೊರಗ ಇನ್ನೂ ಹರೀದ ಕತ್ತಲದಾಗ
ಕೆಂಪು ಸೊನ್ನಿ ಹತ್ತಿಕೊಂಡು
ಕಟ್ಟಿ ಮ್ಯಾಲಿನವರ ಮುಖಕ್ಕ ಬಡೀತೈತಿ.

ಬಾಳಾಬಾಯಿ ಚೀಟಿ ಹರಕೊಂಡು
ಓದಾಕ ಬರದಿದ್ದರೂ ಬೆಳಕಿಗೆ ಹಿಡಿದು ನೋಡಿ,
ಸರಿ ಐತಿ ಅಂತಾಳ.

ನಲವತ್ತೆಂಟು.