ಎಂಟು ನಿಮಿಷ

ಸೊಹಾರಿನಲ್ಲಿ ಭಾನುವಾರವೇ ವಾರದ ಮೊದಲ ದಿನ.
ಐದೂವರೆಗೆಲ್ಲ ಕಂಪನಿ ಬಸ್ಸುಗಳು ಬಂದು ನಿಲ್ಲುತ್ತವೆ,
ಒಂದೊಂದರಿಂದ ನಲವತ್ತು ತೋಳು.
ತಿಂದು ಬರಬಾರದೆಂದು ಯಾರು ಹೇಳಿದರೋ,
ಹಸಿದುಕೊಂಡೇ ಬರುತ್ತಾರೆ. ತಿನ್ನಬಹುದಿತ್ತು.
ಹೇಳಿ ಹೇಳಿ ನಾನೇ ಬಿಟ್ಟೆ.

ಕೊಳವೆಗೆ ಹೆಸರಿಲ್ಲ, ಕಡ್ಡಿಗೀರುಗಳ ಚೀಟಿ ಅಷ್ಟೆ.
ಯಂತ್ರದಲ್ಲಿ ಗಿರ್ರನೆ ಸುತ್ತಿ ಇಳಿದಾಗ
ಕೆಂಪು ತಳದಲ್ಲಿ, ಮೇಲೆ ಎಳ್ಳೆಣ್ಣೆ ಬಣ್ಣದ ತಿಳಿ.
ಬಿಳಿ ಕಾರ್ಡಿನ ಮೇಲೆ ಹತ್ತು ವೃತ್ತ,
ಒಂದೊಂದಕ್ಕೂ ಒಂದು ಹನಿ ತಿಳಿ, ಒಂದು ಹನಿ ಇದ್ದಿಲ ನೀರು.
ಆಮೇಲೆ ಅದನ್ನು ತಿರುಗಲು ಬಿಡಬೇಕು,
ನಿಮಿಷಕ್ಕೆ ನೂರು ಸುತ್ತು, ಎಂಟು ನಿಮಿಷ.
ತೊಟ್ಟಿಲು ಎನ್ನಬೇಕೆನಿಸುತ್ತದೆ. ಬೇಡ.
ಮೊರ ಎನ್ನೋಣ.
ಕಪ್ಪು ಹುಡಿ ಸಮನಾಗಿ ಹರಡಿದ್ದರೆ ಏನೂ ಇಲ್ಲ.
ಅಂಚಿಗೆ ಸರಿದು ಗುಂಪುಗಟ್ಟಿದರೆ,
ಅಮ್ಮ ಸಾಸಿವೆಯಿಂದ ಕಲ್ಲು ಆರಿಸಿ ಬದಿಗಿಟ್ಟ ಹಾಗೆ,
ಇದೆ.

ಪರಂಗಿ ಹುಣ್ಣು ಎನ್ನುತ್ತಿದ್ದಳು ನನ್ನಜ್ಜಿ, ಸೆರಗು ಬಾಯಿಗಿಟ್ಟು.
ಡಾಕ್ಟರ್ ಶಂಸಾರ ಅಜ್ಜಿಯೂ
ಇಫ್ರಂಜಿ ಎನ್ನುತ್ತಿದ್ದಳಂತೆ.
ಒಂದೇ ಕಡಲಿನ ಎರಡು ದಂಡೆ, ಎರಡು ಮುದುಕಿಯರು, ಒಂದೇ ಮಾತು:
ರೋಗ ಯಾವಾಗಲೂ ಹಡಗಿನಿಂದ ಇಳಿದವನದ್ದು.
ಈಗ ಬಸ್ಸಿನಿಂದ ಇಳಿದವನದ್ದು.

ಕಳೆದ ತಿಂಗಳು ಏಳನೆಯ ವೃತ್ತ ಗುಂಪುಗಟ್ಟಿತು.
ಎರಡು ಪಟ್ಟು ತೆಳು ಮಾಡಿದೆ, ಇನ್ನೂ ಇತ್ತು.
ನಾಲ್ಕು ಪಟ್ಟು, ಮಾಯ.
ಇನ್ನೊಂದು ಪರೀಕ್ಷೆ ಮಾತ್ರ ಹೌದು ಎಂದಿತು ಗಟ್ಟಿಯಾಗಿ.
ಅದು ಹಾಗೆಯೇ. ಗುಣವಾದ ಮೇಲೂ
ರಕ್ತ ಮರೆಯುವುದಿಲ್ಲ, ಸಾಯುವವರೆಗೂ.
ಫಾರಮ್ಮಿನಲ್ಲಿ ಎರಡೇ ಚೌಕ: ಯೋಗ್ಯ, ಅಯೋಗ್ಯ.
ವಾಸಿಯಾಗಿದೆ ಎನ್ನಲು ಚೌಕವಿಲ್ಲ.

ಅವನ ಹೆಸರು ಹೇಳಲಾರೆ. ಊರು ನಮ್ಮ ಕಡೆಯದ್ದೇ,
ಅದನ್ನೂ ಹೇಳುವುದಿಲ್ಲ.
ಬಂದರಿನಲ್ಲಿ ಕ್ರೇನಿಗೆ ಸರಪಳಿ ಬಿಗಿಯುವವನು,
ಉಗುರಿನಲ್ಲಿ ಗ್ರೀಸು.
ಎರಡನೆಯ ಸಲ ರಕ್ತ ಕೊಡಲು ಕೂತು, ನನ್ನ ಮಾತು ಗುರುತು ಹಿಡಿದು,
"ಹೋಯ್ ಅಕ್ಕಾ, ಎಂತ ಹೆದ್ರಿಕಿ ಇಲ್ಲೆ ಅಲ್ದಾ?" ಅಂದ.
ಹತ್ತು ವರ್ಷದ ಹಿಂದೆ, ಮೂರು ವಾರ, ಮೂರು ಸೂಜಿ,
ಸೊಂಟದ ಕೆಳಗೆ. ಚೀಟಿ ಸುಟ್ಟುಬಿಟ್ಟಿದ್ದನಂತೆ,
ಹೆಂಡತಿ ಅಕ್ಷರ ಬಲ್ಲವಳು.
ಆ ಚೀಟಿ ಇದ್ದಿದ್ದರೆ!

ಟಿಪ್ಪಣಿ ಬರೆದೆ, ಅಂಚಿನಲ್ಲಿ, ಕೈಬರಹದಲ್ಲಿ.
ಶಂಸಾ ಅವನನ್ನು ಒಳಗೆ ಕರೆದು ಬಾಗಿಲು ಹಾಕಿದರು.
ಏನಾಯಿತೆಂದು ನಾನು ಕೇಳಬಾರದು, ಕೇಳಲಿಲ್ಲ.
ತಿಂಗಳ ವರದಿಯಲ್ಲಿ ಅವನು "೧".
ಮುಂದಿನ ಬಸ್ಸಿನಲ್ಲಿ ಅದೇ ಕಂಪನಿಯ
ಇಬ್ಬರು ಬರಲೇ ಇಲ್ಲ,
ಔಷಧದಂಗಡಿಯಲ್ಲಿ ಮಾತ್ರೆ ಕೇಳುತ್ತಿದ್ದರಂತೆ ರಾತ್ರಿ.
ಹೆದರಿದವನು ಬರುವುದಿಲ್ಲ.
ಅವನೊಳಗಿನದ್ದಕ್ಕೆ ಹೆದರಿಕೆ ಗೊತ್ತಿಲ್ಲ,
ಅದು ಹೋಗಬೇಕಾದಲ್ಲಿಗೆ ಹೋಗುತ್ತದೆ.

ಇವತ್ತು ನನ್ನ ಸರದಿ. ವೀಸಾ ನವೀಕರಣ.
ಮಾರಿಟೆಸ್ ನನ್ನ ಎಡ ಮೊಣಕೈ ತಟ್ಟಿ ನರ ಹುಡುಕಿದಳು.
"ಹೊರಗೆ ಹೋಗಿ ಚಹಾ ಕುಡಿ" ಅಂದಳು. ಹೋಗಲಿಲ್ಲ.
ನಾನು ಯಾವ ತಪ್ಪೂ ಮಾಡಿದವಳಲ್ಲ
ಎಂದು ಮನಸ್ಸಿನಲ್ಲೇ ಅಂದು ನಾಚಿಕೆಯಾಯಿತು:
ಹದಿಮೂರು ವರ್ಷ ಇದೇ ಬೆಂಚಿನಲ್ಲಿ ಕೂತು
ತಪ್ಪು ಎಂಬ ಮಾತು ಎಲ್ಲಿಂದ ತಂದೆ?
ಮೂರನೆಯ ನಿಮಿಷಕ್ಕೆ ದಮಾಮಿನಲ್ಲಿರುವ ಗಂಡ ನೆನಪಾದ.
ಎರಡು ವರ್ಷಕ್ಕೊಮ್ಮೆ ನಲವತ್ತು ದಿನ.
ಒಳ್ಳೆಯವನು. ಒಳ್ಳೆಯವನೇ.
ಅವನ ಕೋಣೆಯ ಕಿಟಕಿ ಯಾವ ದಿಕ್ಕಿಗಿದೆ ಎಂದು
ಒಂದು ದಿನವೂ ಕೇಳಿಲ್ಲ ನಾನು.

ತಿರುಗುವುದು ನಿಂತಿತು.
ಮಾರಿಟೆಸ್ ಕಾರ್ಡನ್ನು ದೀಪದ ಕೆಳಗೆ ಓರೆ ಮಾಡಿ ನೋಡಿದಳು,
ಬರೆದುಕೊಂಡಳು, ಮುಂದಿನ ಕಾರ್ಡು ಎತ್ತಿಕೊಂಡಳು.
ಮುಖದಲ್ಲಿ ಏನೂ ಇಲ್ಲ.
ಏನೂ ಕಾಣದ ಹಾಗೆ ಮುಖ ಇಟ್ಟುಕೊಳ್ಳುವುದನ್ನು
ಅವಳಿಗೆ ಕಲಿಸಿದವಳು ನಾನೇ.